ಮುಟ್ಟಬಾರದ ಸ್ವಿಚ್

ರಿಪೇರಿ ರಾಯರು ಎಂಬ ಹೆಸರು ಕೇಳಿ ಅವರಿಗೆ ರಿಪೇರಿ ಬರುತ್ತದೆ ಎಂದು ಯಾರೂ ತಪ್ಪು ತಿಳಿಯಬಾರದು. ಅದು ಆ ನಾಲ್ಕು ಮಹಡಿಯ ಕಟ್ಟಡದವರು ಹೊಟ್ಟೆ ಉರಿದು ಇಟ್ಟ ಹೆಸರು. ಹಗಲೆಲ್ಲ ವಿಮಾ ಕಚೇರಿಯಲ್ಲಿ ಕುಳಿತು ಬೇರೆಯವರ ಮನೆಯ ಬೆಂಕಿ, ಒಡಕು, ಸೋರಿಕೆಗಳ ಕಾಗದ ತಿರುವುವ ಈ ಮನುಷ್ಯ ಸಂಜೆ ಮನೆಗೆ ಬಂದು ಅವನ್ನೇ ಸ್ವಂತ ಕೈಯಿಂದ ಮಾಡುತ್ತಿದ್ದರು. ಅವರು ಸರಿಮಾಡಿದ ಮಿಕ್ಸಿ ಅರೆಯುವುದನ್ನು ಬಿಟ್ಟು ಕಟ್ಟೆಯ ಮೇಲೆ ನಡೆದಾಡತೊಡಗಿತ್ತು. ಅವರು ಸರಿಮಾಡಿದ ಕರೆಗಂಟೆ ಯಾರೂ ಬಾರದಿದ್ದಾಗ ಮಾತ್ರ ಹೊಡೆದುಕೊಳ್ಳುತ್ತಿತ್ತು. ಬಿಚ್ಚುವುದರಲ್ಲಿ ಅವರದು ಎತ್ತಿದ ಕೈ. ಮರಳಿ ಜೋಡಿಸಿದ ಮೇಲೆ ಒಂದಾದರೂ ಸ್ಕ್ರೂ ಉಳಿಯಲೇಬೇಕು. ಹಾಗೆ ಉಳಿದ ಸ್ಕ್ರೂಗಳಿಂದ ಒಂದು ಬಿಸ್ಕತ್ತಿನ ಡಬ್ಬಿ ತುಂಬಿತ್ತು. ಮುಂದಿನ ರಿಪೇರಿಗೆ ಅದರಿಂದಲೇ ಕೈಗೆ ಸಿಕ್ಕದ್ದನ್ನು ತೆಗೆದು ತಿರುಪುತ್ತಿದ್ದರು. ಹೀಗಾಗಿ ಅವರ ಮನೆಯಲ್ಲಿ ಯಾವ ಎರಡು ಸ್ಕ್ರೂಗಳೂ ಒಂದೇ ಜಾತಿಯವಲ್ಲ.

ಇಷ್ಟಾದರೂ ರಾಯರ ಬಾಯಿಂದ ಒಂದು ಮಾತು ಮಾತ್ರ ಯಾವ ಕಾಲಕ್ಕೂ ಬಂದದ್ದಿಲ್ಲ. ಅದು 'ನನಗೆ ಗೊತ್ತಿಲ್ಲ' ಎಂಬ ಮಾತು. ಆ ಭಾನುವಾರದ ರಾದ್ಧಾಂತಕ್ಕೆಲ್ಲ ಇದೊಂದೇ ಕಾರಣ.

ಆ ಸಂಜೆ ಮಗಳ ಮದುವೆ ಮಾತಿಗೆ ಹುಡುಗನ ಮನೆಯವರು ಬರುವವರಿದ್ದರು. ಮಗಳು ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ತಲೆಯಲ್ಲಿ ನೋವೇ ಇಲ್ಲದ ಹುಡುಗನೊಬ್ಬ ದಿನಾ ಬಂದು ತಲೆನೋವಿನ ಮಾತ್ರೆ ಕೊಳ್ಳುತ್ತಾ ಹೋಗಿ, ಕೊನೆಗೆ ಇಬ್ಬರೂ ಮಾತಾಡಿಕೊಂಡಿದ್ದರು. ಹಿರಿಯರು ಎರಡೂ ಕಡೆ ಮನಸಾರೆ ಒಪ್ಪಿದರೆ ಮಾತ್ರ ಮದುವೆ, ಮನಸ್ತಾಪ ಕಟ್ಟಿಕೊಂಡು ಬೇಡ ಎಂದು ಇಬ್ಬರೂ ತೀರ್ಮಾನಿಸಿದ್ದರು. ಒಳ್ಳೆಯ ಮಕ್ಕಳು, ಅದಕ್ಕೇ ಇಷ್ಟು ಕಷ್ಟ.

ಬೆಳಿಗ್ಗೆಯೇ ಮಗಳು ಅಪ್ಪನನ್ನು ಅಡುಗೆಮನೆಯ ಮೂಲೆಗೆ ಕರೆದು ಹೇಳಿದ್ದಳು. "ಅಪ್ಪ, ಇವತ್ತೊಂದು ದಿನ ಏನನ್ನೂ ರಿಪೇರಿ ಮಾಡಬೇಡ. ಮಾವನನ್ನ ಸ್ವಲ್ಪ ನೋಡ್ಕೋ. ಹುಡುಗನ ಅಪ್ಪ ವಾದಕ್ಕೆ ನಿಂತರೆ ಬಿಡೋರಲ್ಲ, ಮಾವನೂ ಬಿಡೋರಲ್ಲ. ನನ್ನ ಜೀವನ ನಿನ್ನ ಕೈಯಲ್ಲಿದೆ."

ಈ ಕೊನೆಯ ಮಾತು ಕೇಳಿ ರಾಯರ ಹೆಂಡತಿಗೆ ಎದೆ ಧಸಕ್ಕೆಂದಿತು. ಆ ಕೈಯಲ್ಲಿ ಏನೇನು ಏನೇನಾಗಿದೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮಾವ ಎಂದರೆ ರಾಯರ ಹೆಂಡತಿಯ ಅಣ್ಣ, ರಾಯರಿಗೆ ಭಾವ. ಸೇತುವೆ ಕಟ್ಟುವ ಎಂಜಿನಿಯರಾಗಿ ನಿವೃತ್ತರಾದವರು. ಮನೆಗೆ ಹಿರಿಯರು, ಮಾತಿಗೆ ಖಡಾಖಂಡಿ. ಎಷ್ಟೋ ವರ್ಷದ ಹಿಂದೆ ಈ ಮನೆಗೆ ಬಂದಾಗ ಅವರ ಹಸಿರು ಉಣ್ಣೆಯ ಮಫ್ಲರ್ ಕಾಣೆಯಾಗಿತ್ತು. ಅಂದಿನಿಂದ ಇಂದಿನವರೆಗೆ ಬಂದಾಗಲೆಲ್ಲ, ಚಪ್ಪಲಿ ಬಿಡುವ ಮೊದಲೇ, "ಮಫ್ಲರ್ ಸಿಕ್ತಾ?" ಎಂದು ಕೇಳುವುದು ಅವರ ವಾಡಿಕೆ. ಮೇಲಿನ ಮನೆಯ ಅಜ್ಜಿಯೇ ತೆಗೆದುಕೊಂಡಿರಬೇಕು ಎಂದು ಅವರು ಅಂದೇ ಜೋರಾಗಿ ಅನುಮಾನ ಪಟ್ಟಿದ್ದರು. ಅಜ್ಜಿಯ ಕಿವಿ ಆಗ ಚುರುಕಾಗಿತ್ತು. ಅಂದಿನಿಂದ ಅಜ್ಜಿ ಈ ಭಾವನ ಮುಖ ಕಂಡರೆ ಮೆಟ್ಟಿಲ ಮೇಲೇ ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದರು.

ಸಂಜೆ ಬೀಗರಾಗುವವರು ಹುಡುಗನೊಂದಿಗೆ ಬಂದರು. ಹುಡುಗನ ತಂದೆ ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ತೆಳ್ಳಗೆ, ಎತ್ತರಕ್ಕೆ, ಎದುರಿಗಿದ್ದವರೆಲ್ಲ ಪರೀಕ್ಷೆಗೆ ಬಂದವರೆಂಬಂತೆ ಕನ್ನಡಕದ ಮೇಲಿನಿಂದ ನೋಡುವವರು. ಅವರ ಹೆಂಡತಿ ದುಂಡಗಿನ ನಗುಮುಖದ ಹೆಂಗಸು, ಬಂದು ಕುಳಿತ ಕೂಡಲೇ "ಅಯ್ಯೋ, ಸಿಹಿ ಡಬ್ಬಿ ಕಾರಲ್ಲೇ ಬಿಟ್ಟು ಬಂದೆ ನೋಡಿ. ನಾನೇ ತರ್ತೀನಿ, ಇವರ ಕೈಗೆ ಕೊಟ್ಟರೆ ಉಳಿಯಲ್ಲ" ಎಂದು ಎದ್ದು ಲಿಫ್ಟಿನತ್ತ ಹೋದರು.

ಆಕೆ ಹೋದದ್ದೇ ತಪ್ಪಾಯಿತು. ಮೇಷ್ಟ್ರು ಒಂದು ಗಟ್ಟಿ ಚಕ್ಕುಲಿ ಕಡಿದು ಕೆನ್ನೆ ಹಿಡಿದುಕೊಂಡರು.

"ಬುದ್ಧಿಹಲ್ಲು," ಎಂದರು. "ಬುದ್ಧಿ ಹೆಸರಲ್ಲಿ ಮಾತ್ರ. ನಮ್ಮ ದವಡೆ ಚಿಕ್ಕದಾಗ್ತಾ ಬಂತು, ಹಲ್ಲು ಮಾತ್ರ ಹಳೇ ಲೆಕ್ಕದಲ್ಲೇ ಬರ್ತಾ ಇದೆ. ವಿಕಾಸದ ಹಾದೀಲಿ ಉಳಿದುಹೋದ ಸಾಮಾನು. ಯಾರಾದ್ರೂ ಯೋಚನೆ ಮಾಡಿ ಮನುಷ್ಯನನ್ನ ಮಾಡಿದ್ದರೆ ಇದನ್ನ ಬಿಡ್ತಿದ್ರಾ?"

ಭಾವ ಟೀ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಅವರು ಲೋಟ ಮೆಲ್ಲಗೆ ಇಟ್ಟರೆ ಗ್ರಹಚಾರ ಕಾದಿದೆ ಎಂದೇ ಅರ್ಥ.

"ಹಾಗಾದರೆ ಕಣ್ಣು? ಅದೂ ತಾನಾಗೇ ಆಯ್ತಾ? ಸ್ವಾಮಿ, ನಾನು ಜೀವಮಾನವೆಲ್ಲ ಸೇತುವೆ ಕಟ್ಟಿದವನು. ಕಬ್ಬಿಣ, ಸಿಮೆಂಟು ತಂದು ಹೊಳೆ ಪಕ್ಕ ಸುರಿದು ಯುಗಗಟ್ಟಲೆ ಕಾದರೂ ಸೇತುವೆ ಆಗಲ್ಲ. ತಲೆ ಇರೋನೊಬ್ಬ ಕೂತು ನಕ್ಷೆ ಹಾಕಬೇಕು."

"ಸೇತುವೆ ಮರಿ ಹಾಕಲ್ಲ," ಎಂದರು ಮೇಷ್ಟ್ರು. "ಮರಿ ಹಾಕೋ ಹಾಗಿದ್ದರೆ, ಬೀಳೋ ಸೇತುವೆಗಳೆಲ್ಲ ಬಿದ್ದು ಸತ್ತು, ನಿಲ್ಲೋವು ಮಾತ್ರ ಉಳಿದು ಇನ್ನಷ್ಟು ಮರಿ ಹಾಕಿ, ನಿಮಗೆ ಕೆಲಸವೇ ಇರ್ತಿರಲಿಲ್ಲ."

"ಕೋತಿಯಿಂದ ಬಂದವರು ಅಂತ ಒಪ್ಪಿಕೊಳ್ಳೋಕೆ ನಿಮಗೆ ನಾಚಿಕೆ ಆಗಲ್ವಾ?"

"ಕೋತಿಯಿಂದ ಬಂದಿಲ್ಲ. ಕೋತಿ ನಮಗೆ ದಾಯಾದಿ. ನಮಗೂ, ನಿಮಗೂ."

ರಾಯರು ನಡುವೆ ಕುಳಿತು, ಭಾವ ಮಾತಾಡುವಾಗ "ಅದೂ ನಿಜ" ಎಂದೂ ಮೇಷ್ಟ್ರು ಮಾತಾಡುವಾಗ "ಹೌದು ಹೌದು" ಎಂದೂ ತಲೆಯಾಡಿಸುತ್ತಿದ್ದರು. ಬಾಗಿಲ ಬಳಿ ನಿಂತ ಮಗಳು ಕಣ್ಣಲ್ಲೇ 'ಏನಾದರೂ ಮಾಡು' ಎಂದಳು. ರಾಯರು ಗಂಟಲು ಸರಿಮಾಡಿಕೊಂಡು, ಮಾತು ಬೇರೆ ಕಡೆ ತಿರುಗಲಿ ಎಂದು, "ಮನೆ ಹೇಗಿದೆ? ಸ್ವಲ್ಪ ಹಳೇದು, ಆದರೆ ಗಾಳಿ ಬೆಳಕಿದೆ" ಎಂದರು.

ಮೇಷ್ಟ್ರು ಮರ್ಯಾದೆಗೆ ಸುತ್ತ ನೋಡಿದರು. ಅವರ ದೃಷ್ಟಿ ಗೋಡೆಯ ಒಂದು ಜಾಗದಲ್ಲಿ ನಿಂತಿತು. "ಅದೇನು ಸ್ವಿಚ್ಚು, ಅಷ್ಟು ಕೆಳಗೆ?"

ಕಿಟಕಿಯ ಪಕ್ಕದ ಗೋಡೆಯಲ್ಲಿ, ಐದಾರು ವರ್ಷದ ಮಗುವಿನ ಎತ್ತರಕ್ಕೆ, ಒಂದು ಬಿಳಿ ಪ್ಲೇಟು, ಅದರ ನಡುವೆ ಒಂದೇ ಒಂದು ಸ್ವಿಚ್ ಇತ್ತು. ಅದರಿಂದ ಯಾವ ದೀಪವೂ ಹತ್ತುತ್ತಿರಲಿಲ್ಲ, ಯಾವ ಫ್ಯಾನೂ ತಿರುಗುತ್ತಿರಲಿಲ್ಲ. ಕಟ್ಟಡದ ಕಡೆಯವರು ಯಾವಾಗಲೋ ಬಂದು ಹಾಕಿ ಹೋದರಂತೆ, ಸದಾ ಆನ್ ಇರಬೇಕಂತೆ, ಮುಟ್ಟಬಾರದಂತೆ ಎಂಬುದು ಆ ಮನೆಯ ಕಾನೂನು. ಗುಡಿಸುವವರು ಅದರ ಸುತ್ತ ಮಾತ್ರ ಒರೆಸುತ್ತಿದ್ದರು. ಬಣ್ಣ ಬಳಿಯುವವರು ಬಂದಾಗ ರಾಯರ ಹೆಂಡತಿ ಪಕ್ಕದಲ್ಲೇ ನಿಂತು ಕಾದಿದ್ದರು. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಈಗ ಕೇಳಿದರು.

'ನನಗೆ ಗೊತ್ತಿಲ್ಲ' ಎಂದಿದ್ದರೆ ಕಥೆ ಇಲ್ಲಿಗೇ ಮುಗಿದು ಎಲ್ಲರೂ ಇನ್ನೊಂದು ಟೀ ಕುಡಿಯುತ್ತಿದ್ದರು. ರಾಯರು ಕಾಲ ಮೇಲೆ ಕಾಲು ಹಾಕಿ, "ಅದಾ? ಅದು ಬಹಳ ಮುಖ್ಯವಾದದ್ದು. ಇಡೀ ಕಟ್ಟಡದ್ದು" ಎಂದರು.

"ಏನು ಕೆಲಸ ಮಾಡುತ್ತೆ?"

"ಕೆಲಸ ಅಂದರೆ… ಒಳಗೊಳಗೇ ಮಾಡುತ್ತೆ."

"ಅಂದರೆ ಏನೂ ಮಾಡಲ್ಲ." ಮೇಷ್ಟ್ರ ಮುಖ ಬೆಳಗಿತು. "ನೋಡಿ! ಹಿಂದೆ ಯಾವುದೋ ವೈರಿಂಗ್ ಇತ್ತು, ಅದು ಹೋಯ್ತು, ಇದು ಉಳೀತು. ಇದು ಮನೆಯ ಬುದ್ಧಿಹಲ್ಲು!"

ಭಾವ ಎದ್ದೇ ನಿಂತರು. "ಏನು ಹೇಳ್ತಿದ್ದೀರಿ? ಸುಮ್ಮಸುಮ್ಮನೆ ಯಾವನಾದ್ರೂ ಗೋಡೇಲಿ ಸ್ವಿಚ್ ಇಡ್ತಾನಾ? ಹಾಕಿದವನಿಗೆ ಒಂದು ಉದ್ದೇಶ ಇದ್ದೇ ಇರುತ್ತೆ. ನಮಗೆ ತಿಳೀದೆ ಇದ್ದರೆ ಅದು ನಮ್ಮ ಅಲ್ಪಬುದ್ಧಿ. ಈ ಎತ್ತರ ನೋಡಿ, ಈ ಜಾಗ ನೋಡಿ! ಲೆಕ್ಕ ಹಾಕಿ ಇಟ್ಟಿದ್ದಾನೆ. ಯಾರೋ ಮಹಾ ಬುದ್ಧಿವಂತನ ಕೆಲಸ ಇದು."

"ಪರೀಕ್ಷೆ ಮಾಡಿಬಿಡೋಣ," ಎಂದ ಮೇಷ್ಟ್ರು ಎರಡೇ ಹೆಜ್ಜೆಯಲ್ಲಿ ಗೋಡೆ ಮುಟ್ಟಿ, ರಾಯರ ಹೆಂಡತಿ "ಅಯ್ಯೋ ಬೇಡಿ" ಎನ್ನುವಷ್ಟರಲ್ಲಿ, ಟಕ್ ಎಂದು ಸ್ವಿಚ್ ಆರಿಸಿದರು.

ದೀಪ ಉರಿಯುತ್ತಲೇ ಇತ್ತು. ಫ್ಯಾನ್ ತಿರುಗುತ್ತಲೇ ಇತ್ತು. ಮೇಷ್ಟ್ರು ತರಗತಿಯ ಕಡೆ ತಿರುಗುವವರಂತೆ ಹಿಂದಿರುಗಿ, "ಏನಾಯ್ತು? ಏನೂ ಆಗಲಿಲ್ಲ" ಎಂದರು.

ಆಗ ಲಿಫ್ಟಿನ ಕಡೆಯಿಂದ ಒಂದು ಕಿರುಚು ಕೇಳಿಸಿತು.

ಎಲ್ಲರೂ ಹೊರಗೆ ಓಡಿದರು. ಲಿಫ್ಟು ಎರಡನೆಯ ಮತ್ತು ಮೂರನೆಯ ಮಹಡಿಯ ನಡುವೆ ನಿಂತುಬಿಟ್ಟಿತ್ತು. ಜಾಲರಿಯ ಕೆಳಗೆ ಮೇಷ್ಟ್ರ ಹೆಂಡತಿಯ ನೆತ್ತಿಯೂ ಸಿಹಿಯ ಡಬ್ಬಿಯೂ ಕಾಣುತ್ತಿದ್ದವು. ಅಷ್ಟರಲ್ಲಿ ಮೇಲಿನ ಅಜ್ಜಿ ಮೆಟ್ಟಿಲಿಳಿದು ಬಂದರು. ಧಾರಾವಾಹಿಯಲ್ಲಿ ಸೊಸೆ ಹಾಲಿಗೆ ವಿಷ ಬೆರೆಸಿ ಲೋಟ ಎತ್ತಿದ ಕ್ಷಣಕ್ಕೆ ಟಿವಿ ಆರಿಹೋಗಿತ್ತಂತೆ. ಕೆಳಗಿನ ಮಹಡಿಯಲ್ಲಿ ದವಾಖಾನೆ ಇಟ್ಟಿದ್ದ ಹಲ್ಲಿನ ಡಾಕ್ಟರು ಕೈಗವಸು ಹಾಕಿಕೊಂಡೇ ಹತ್ತಿ ಬಂದರು. ಅವರ ಹಿಂದೆ, ಎದೆಗೆ ಹಾಳೆ ಕಟ್ಟಿಕೊಂಡು, ತೆರೆದ ಬಾಯಿ ತೆರೆದಂತೆಯೇ, ಅರ್ಧ ಕೊರೆಸಿಕೊಂಡ ಒಬ್ಬ ರೋಗಿ. ಕೊನೆಗೆ ಬಂದವರು ಕಟ್ಟಡದ ಸಂಘದ ಕಾರ್ಯದರ್ಶಿಗಳು. ಮೂರು ಜನ ಸೇರಿದ ಕಡೆ ಸಭೆ ಎಂದು ತಿಳಿಯುವ ಮನುಷ್ಯ.

"ಒಂದು ಫೇಸ್ ಕರೆಂಟು ಹೋಗಿದೆ, ಅಷ್ಟೆ," ಎಂದರು ಮೇಷ್ಟ್ರು. ಆದರೆ ದನಿ ಸ್ವಲ್ಪ ಒಣಗಿತ್ತು. "ಕಾಕತಾಳೀಯ."

"ಸ್ವಿಚ್ ಆರಿಸಿದಿರಿ, ಲಿಫ್ಟ್ ನಿಂತಿತು," ಎಂದರು ಭಾವ, ಅವರ ಮುಖದಲ್ಲಿ ಗೆದ್ದವರ ಕಳೆ. "ರಾಯರು ಆಗಲೇ ಹೇಳಿದರು, ಇಡೀ ಕಟ್ಟಡದ್ದು ಅಂತ."

ಎಲ್ಲರ ಕಣ್ಣೂ ರಾಯರ ಮೇಲೆ ಬಿತ್ತು.

"ಯಾವ ಸ್ವಿಚ್?" ಎಂದರು ಕಾರ್ಯದರ್ಶಿಗಳು. ಭಾವ ಎಲ್ಲರನ್ನೂ ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. ಕಾರ್ಯದರ್ಶಿಗಳು ಬಗ್ಗಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. "ಅಂದರೆ ಇಷ್ಟು ವರ್ಷ ಕಟ್ಟಡದ ಜುಟ್ಟು ನಿಮ್ಮ ನಡುಮನೆಯಲ್ಲಿತ್ತು. ಸಂಘಕ್ಕೆ ಒಂದು ಮಾತು ತಿಳಿಸಲಿಲ್ಲ."

"ಕಳೆದ ವರ್ಷ ನನ್ನ ಫ್ರಿಜ್ ಸುಟ್ಟದ್ದು?" ಎಂದರು ಅಜ್ಜಿ.

"ನನ್ನ ಎಕ್ಸ್‌ರೇ ಮಶೀನು?" ಎಂದರು ಡಾಕ್ಟರು.

ರೋಗಿ "ಆ… ಆ…" ಎಂದ. ಅವನಿಗೂ ಏನೋ ನೆನಪಾಗಿರಬೇಕು.

"ರೀ!" ಲಿಫ್ಟಿನಿಂದ ಮೇಷ್ಟ್ರ ಹೆಂಡತಿಯ ಕೂಗು ಬಂತು. "ಇಲ್ಲಿ ಸೆಕೆ! ಏನು ಆರಿಸಿದ್ರೋ ಅದನ್ನ ಹಾಕ್ರೀ!"

ಮೇಷ್ಟ್ರು ಕದಲಲಿಲ್ಲ. ಈಗ ಸ್ವಿಚ್ ಹಾಕಿದರೆ ಸೋತಂತೆ. ಹಾಕದಿದ್ದರೆ ಹೆಂಡತಿ ಅಲ್ಲಿ. ವಿಜ್ಞಾನಕ್ಕಾಗಿ ಕಷ್ಟಪಟ್ಟವರು ಎಷ್ಟೋ ಮಂದಿ ಇರಬಹುದು, ಆದರೆ ಹೆಂಡತಿಯ ಕಷ್ಟದಲ್ಲಿ ವಿಜ್ಞಾನವನ್ನು ಕಾಪಾಡಿಕೊಂಡವರು ಕಡಿಮೆ. "ಹಾಕಿದರೂ ಏನೂ ಆಗಲ್ಲ ಕಣೇ," ಎಂದು ಅವರು ಜಾಲರಿಗೆ ಬಾಯಿಟ್ಟು ಕೂಗಿದರು. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ!"

"ಸಂಬಂಧ ಇಲ್ಲದಿದ್ದರೆ ಹಾಕೋಕೇನು ರೋಗ? ನಿಮ್ಮಿಬ್ಬರಲ್ಲಿ ಯಾರು ಸರಿಯಾದ್ರೂ ಆಗಲಿ, ಅದನ್ನ ಒತ್ರೀ!"

ಕಾರ್ಯದರ್ಶಿಗಳು ಸಂಘದ ಪರವಾಗಿ ಅಪ್ಪಣೆ ಕೊಟ್ಟರು. ರಾಯರು ಸ್ವಿಚ್ ಹಾಕಿದರು. ಏನೂ ಆಗಲಿಲ್ಲ. ಮೇಷ್ಟ್ರು ಉಸಿರು ಬಿಟ್ಟರು. ಭಾವ ಕೈಯೆತ್ತಿ, "ತಡೀರಿ. ದೊಡ್ಡ ವ್ಯವಸ್ಥೆ, ಎಚ್ಚರ ಆಗೋಕೆ ಹೊತ್ತು ಬೇಕು" ಎಂದರು. ಎಲ್ಲರೂ ಕಾದರು. ಅಜ್ಜಿ ಕಣ್ಣು ಮುಚ್ಚಿಕೊಂಡರು. ಮಗಳು ಹುಡುಗನ ಕೈ ಹಿಡಿದದ್ದು ಯಾರಿಗೂ ಕಾಣದಿರಲಿ ಎಂದು ಹಿಂದಕ್ಕೆ ಸರಿದಳು. ಕೈತೊಳೆಯುವ ಬೇಸಿನ್ನಿನ ನಲ್ಲಿ ಮಾತ್ರ, ರಾಯರೇ ಸರಿಮಾಡಿದ್ದು, ತೊಟಗುಟ್ಟುತ್ತಿತ್ತು.

ಆಮೇಲೆ ದೊಡ್ಡದಾಗಿ ಘರ್ ಎಂದಿತು. ಲಿಫ್ಟು ಮೇಲೆ ಬಂತು. ಮೇಲಿನ ಮಹಡಿಯಿಂದ ಟಿವಿಯ ಸೊಸೆಯ ನಗು ಕೇಳಿಸಿತು. ಇಡೀ ನಡುಮನೆ ಹೋ ಎಂದಿತು.

ಬೆವರಿಳಿಸಿಕೊಂಡು ಮೇಷ್ಟ್ರ ಹೆಂಡತಿ ಒಳಗೆ ಬಂದು, ಜಜ್ಜಿದ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಫ್ಯಾನಿನ ಕೆಳಗೆ ಕುಸಿದರು. ರಾಯರ ಹೆಂಡತಿ ನೀರು ತಂದುಕೊಟ್ಟರು.

"ಇನ್ನೊಂದು ಸಲ ಆರಿಸಬೇಕು," ಎಂದರು ಮೇಷ್ಟ್ರು, ಬೆಳ್ಳಗಾಗಿದ್ದ ಮುಖದಲ್ಲಿ. "ಒಂದು ಸಲ ಆದದ್ದು ಪ್ರಮಾಣ ಅಲ್ಲ."

"ಪ್ರಮಾಣ ಇಲ್ಲೇ ಕೂತು ನೀರು ಕುಡೀತಿದ್ದಾರಲ್ಲ!" ಎಂದರು ಭಾವ.

ಸ್ವಿಚ್ಚಿನ ಮುಂದೆ ಅಜ್ಜಿ ಕುರ್ಚಿ ಹಾಕಿಕೊಂಡು ಕುಳಿತುಬಿಟ್ಟರು. ಧಾರಾವಾಹಿ ಮುಗಿಯುವವರೆಗೆ ಯಾರೂ ಹತ್ತಿರ ಬರುವಂತಿಲ್ಲ ಎಂದರು. ಧಾರಾವಾಹಿ ನೋಡಲು ಮೇಲೆ ಹೋದರೆ ಕಾವಲು ತಪ್ಪುತ್ತದೆ, ಕಾವಲು ಕಾದರೆ ಧಾರಾವಾಹಿ ತಪ್ಪುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ಕಾರ್ಯದರ್ಶಿಗಳು ಸ್ವಿಚ್ಚನ್ನು ಸಂಘದ ಸ್ವತ್ತೆಂದು ಘೋಷಿಸಿ, ಅದಕ್ಕೊಂದು ಕಬ್ಬಿಣದ ಪೆಟ್ಟಿಗೆ, ಬೀಗ, ಬೀಗಕ್ಕೊಂದು ಉಪಸಮಿತಿ ಎಂದು ಯೋಜನೆ ಹಾಕತೊಡಗಿದರು.

"ಇದು ಮನೆಯೋ ಹುಚ್ಚಾಸ್ಪತ್ರೆಯೋ?" ಎಂದರು ಮೇಷ್ಟ್ರು. ಅವರ ತಾಳ್ಮೆ ಮುಗಿದಿತ್ತು. "ಏಳೋ ಮಗನೇ. ಕಣ್ಣೆದುರಿಗಿದ್ದ ಸತ್ಯ ನೋಡದ ಮನೆಯಿಂದ ಹೆಣ್ಣು ತಂದರೆ ನಾಳೆ ನಮ್ಮ ಮನೆಯ ಸ್ವಿಚ್ಚಿಗೂ ಕಾವಲು ಕೂರಿಸಬೇಕಾಗುತ್ತೆ."

"ಹೋಗಿ, ಹೋಗಿ!" ಭಾವನ ದನಿ ಗೋಡೆಗೆ ಬಡಿಯಿತು. "ತಮ್ಮನ್ನ ಮಾಡಿದವನನ್ನೇ ಒಪ್ಪದವರು ನಾಳೆ ಸೊಸೆಯನ್ನ ಒಪ್ತಾರಾ? ನಾನಿರೋವರೆಗೆ ಈ ಮದುವೆ ಆಗಲ್ಲ."

ಅಲ್ಲಿಯವರೆಗೆ ತಮಾಷೆಯಾಗಿದ್ದದ್ದು ಒಂದೇ ಮಾತಿಗೆ ತಮಾಷೆಯಾಗಿ ಉಳಿಯಲಿಲ್ಲ. ರಾಯರು ಮಗಳ ಕಡೆ ನೋಡಿದರು. ಅವಳು ಅಳುತ್ತಿರಲಿಲ್ಲ, ಕೆಳತುಟಿಯನ್ನು ಹಲ್ಲಿನಲ್ಲಿ ಹಿಡಿದು, ಚಿಕ್ಕಂದಿನಲ್ಲಿ ಇಂಜೆಕ್ಷನ್ನಿಗೆ ಕೈ ಚಾಚಿ ನಿಲ್ಲುತ್ತಿದ್ದಂತೆ ನಿಂತಿದ್ದಳು.

"ಬಿಚ್ಚಿ ನೋಡೋಣ," ಎಂದರು ರಾಯರು.

ಅದು ಅವರ ಬಾಯಿಂದ ತಾನಾಗಿ ಬಂದ ಮಾತು. ಯಾವ ಕಷ್ಟ ಬಂದರೂ ಏನನ್ನಾದರೂ ಬಿಚ್ಚುವುದು ಅವರ ಸ್ವಭಾವ. ಆದರೆ ಮೇಷ್ಟ್ರು ಬಾಗಿಲ ಬಳಿ ನಿಂತು ಹಿಂದಿರುಗಿದರು. "ಇದು ಮಾತು! ಒಳಗೆ ತಂತಿ ಇದ್ದರೆ ನಾನು ಕ್ಷಮೆ ಕೇಳ್ತೀನಿ. ಆದರೆ ಇರಲ್ಲ. ಹಳೇ ತಂತಿಯ ತುಂಡು ಇರುತ್ತೆ ಅಷ್ಟೆ."

"ತಂತಿ ಇದ್ದೇ ಇರುತ್ತೆ. ಇಲ್ಲದಿದ್ದರೆ ನಾನು ಕ್ಷಮೆ ಕೇಳ್ತೀನಿ," ಎಂದರು ಭಾವ.

"ಅಪ್ಪ, ಬೇಡ," ಎಂದಳು ಮಗಳು.

ಎಲ್ಲರೂ ಅವಳ ಕಡೆ ತಿರುಗಿದರು. ಈವರೆಗೆ ಬಾಯಿ ಬಿಡದ ಹುಡುಗಿ. "ಬಿಚ್ಚೋದು ಬೇಡಪ್ಪ. ಇರಲಿ ಬಿಡು," ಎಂದಳು ಮತ್ತೆ, ಮೆಲ್ಲಗೆ.

"ಹೆದರಬೇಡ ಕಣೇ, ಮೇನ್ ಆರಿಸ್ತೀನಿ," ಎಂದರು ರಾಯರು. ಇಷ್ಟು ವರ್ಷದಲ್ಲಿ ಮೊದಲ ಸಲ ಅವರು ಮೇನ್ ಆರಿಸಿ ಕೆಲಸಕ್ಕಿಳಿದದ್ದು. ಮನೆ ಕತ್ತಲಾಯಿತು. ಅಜ್ಜಿಯನ್ನು ಕುರ್ಚಿಯ ಸಮೇತ ಡಾಕ್ಟರೂ ರೋಗಿಯೂ ಎತ್ತಿ ಪಕ್ಕಕ್ಕಿಟ್ಟರು. ರಾಯರು ಸ್ಕ್ರೂಡ್ರೈವರ್ ಹಿಡಿದು ಗೋಡೆಯ ಮುಂದೆ ಕೂತರು. "ಟಾರ್ಚ್ ಯಾರಾದ್ರೂ ಹಿಡೀರಿ."

ಮಗಳೇ ಬಂದಳು. ಅಪ್ಪನ ಎಡಭುಜದ ಪಕ್ಕ ಮಂಡಿಯೂರಿ, ಎರಡೂ ಕೈಯಲ್ಲಿ ಟಾರ್ಚ್ ಹಿಡಿದು, ಬೆಳಕನ್ನು ಪ್ಲೇಟಿನ ಮೇಲೆ ಬಿಟ್ಟಳು. ರಾಯರು ಮೊದಲ ಸ್ಕ್ರೂ ನೋಡಿದರು. ಅದು ಚಪ್ಪಟೆ ತಲೆಯದು. ಎರಡನೆಯದು ನೋಡಿದರು. ಗುಂಡು ತಲೆಯದು, ಕುರ್ಚಿಯ ಕಾಲಿನದು. ಎರಡೂ ಒಂದೇ ಜಾತಿಯವಲ್ಲ.

ರಾಯರ ಕೈ ಅಲ್ಲೇ ನಿಂತಿತು. ಎಡಭುಜದ ಪಕ್ಕದಲ್ಲಿ ಆ ಉಸಿರು, ಎರಡು ಕೈಯಲ್ಲಿ ಹಿಡಿದ ಆ ಟಾರ್ಚು. ಆಗ ಆ ಕೈಗಳು ಪುಟ್ಟವಿದ್ದವು, ಬೆಳಕು ಅಲುಗಾಡುತ್ತಿತ್ತು.

ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂತು. ಗೊಂಬೆ ಇಡೋಕೆ ನನ್ನ ಎತ್ತರಕ್ಕೆ ಒಂದು ಶೆಲ್ಫು ಬೇಕು ಎಂದು ಮಗಳು ಹಠ ಹಿಡಿದದ್ದು. ಹೆಂಡತಿ ಅಣ್ಣನೊಂದಿಗೆ ಪೇಟೆಗೆ ಹೋಗಿದ್ದದ್ದು. ಹೊಸ ಬಣ್ಣ ಬಳಿದ ಗೋಡೆಗೆ ಇವರು ಡ್ರಿಲ್ ಹಿಡಿದದ್ದು. ಅಂಗೈಯಗಲ ಗಾರೆ ಕಳಚಿ ಬಿದ್ದದ್ದು. ಅವರಿಬ್ಬರೂ ಮನೆಗೆ ಬರುವ ಹೊತ್ತು. ರಾಯರು ಕೈಗೆ ಸಿಕ್ಕಿದ್ದನ್ನು ತೂತಿಗೆ ತುರುಕಿ, ಡಬ್ಬಿಯಲ್ಲಿದ್ದ ಹಳೆಯ ಸ್ವಿಚ್ಚಿನ ಪ್ಲೇಟನ್ನು ಮೇಲೆ ಬಡಿದಿದ್ದರು. ಹೆಂಡತಿ ಬಂದು ಇದೇನು ಎಂದಾಗ, "ಕಟ್ಟಡದ ಕಡೆಯವರು ಬಂದು ಹಾಕಿ ಹೋದರು, ಮುಟ್ಟಬಾರದಂತೆ" ಎಂದಿದ್ದರು. ಆ ಮಾತನ್ನು ವರ್ಷಗಟ್ಟಲೆ ಬಂದವರಿಗೆಲ್ಲ ಹೇಳಿ ಹೇಳಿ, ಹೇಳಿದವರಿಗೇ ಅದು ನಿಜವಾಗಿಬಿಟ್ಟಿತ್ತು.

ಅವರು ಮೆಲ್ಲಗೆ ತಲೆ ತಿರುಗಿಸಿದರು. ಮಗಳು ಅವರನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು. ಒಂದು ಮಾತು ಆಡಿದ್ದರೆ ಅವಳ ಮದುವೆ ಉಳಿಯುತ್ತಿತ್ತು. ಅಪ್ಪನ ಮಾನ ಹೋಗುತ್ತಿತ್ತು. ಅವಳು ಆಡಿರಲಿಲ್ಲ.

"ಯಾಕೆ ನಿಲ್ಲಿಸಿದ್ರಿ? ತಂತಿ ಕಾಣ್ತಾ?" ಎಂದರು ಮೇಷ್ಟ್ರು ಕತ್ತಲಿನಿಂದ.

ಈಗಲೂ ಹೊತ್ತು ಮೀರಿರಲಿಲ್ಲ. 'ಸ್ಕ್ರೂ ತುಕ್ಕು ಹಿಡಿದಿದೆ' ಎಂದರೆ ಮುಗಿಯಿತು. ಕಟ್ಟಡದ ತುಂಬ ದೊಡ್ಡ ಮನುಷ್ಯನಾಗಿ, ಬೀಗ ಹಾಕಿದ ಸ್ವಿಚ್ಚಿನ ಒಡೆಯನಾಗಿ ಉಳಿಯಬಹುದಿತ್ತು. ರಾಯರು ಸ್ಕ್ರೂ ತಿರುಗಿಸಿದರು. ಒಂದು, ಇನ್ನೊಂದು. ಪ್ಲೇಟು ಕೈಗೆ ಬಂತು. ಹಿಂದೆ ತಂತಿಯೂ ಇಲ್ಲ, ತಂತಿಯ ತುಂಡೂ ಇಲ್ಲ. ತೂತಿನೊಳಗೆ ಹಸಿರಾಗಿ ಏನೋ ಮುದುಡಿ ಕೂತಿತ್ತು. ರಾಯರು ತುದಿ ಹಿಡಿದು ಎಳೆದರು. ಬಂತು, ಇನ್ನೂ ಬಂತು, ಗಾರೆಯ ಪುಡಿ ಉದುರಿಸುತ್ತಾ ಗೇಣು ಗೇಣಾಗಿ ಬರುತ್ತಲೇ ಇತ್ತು.

"ನನ್ನ ಮಫ್ಲರ್!" ಎಂದರು ಭಾವ.

"ಆಹಾ!" ಎಂದರು ಅಜ್ಜಿ, ಕುರ್ಚಿಯಿಂದ ಎದ್ದು. ಅಷ್ಟು ವರ್ಷದಲ್ಲಿ ಮೊದಲ ಸಲ ಭಾವನ ಮುಖವನ್ನು ನೇರವಾಗಿ ನೋಡಿ, "ಯಾರು ಕದ್ದದ್ದು ಅಂದಿರಿ?"

ರಾಯರು ಎದ್ದು ನಿಂತರು. ಮಂಡಿಗೆ ಗಾರೆ ಮೆತ್ತಿತ್ತು. "ಇದನ್ನ ಹಾಕಿದ್ದು ನಾನೇ," ಎಂದರು. "ಮಗಳಿಗೆ ಶೆಲ್ಫು ಹೊಡೆಯೋಕೆ ಹೋಗಿ ಗೋಡೆ ಒಡೆದೆ. ಇವಳು ಬೈತಾಳೆ ಅಂತ ಮುಚ್ಚಿದೆ. ಅದು ಕಟ್ಟಡದ್ದೂ ಅಲ್ಲ, ಲಿಫ್ಟಿನದ್ದೂ ಅಲ್ಲ. ಆಮೇಲೆ ಮರೆತೂಬಿಟ್ಟೆ. ಅದು ಏನು ಅಂತ ಕೇಳಿದಾಗ… ನನಗೆ ಗೊತ್ತಿರಲಿಲ್ಲ."

ಕೊನೆಯ ಮಾತು ಹೊರಗೆ ಬಂದದ್ದೇ ತಡ, ಅವರಿಗೆ ಎಷ್ಟೋ ವರ್ಷದ ಭಾರ ಇಳಿದಂತಾಯಿತು.

ಯಾರೋ ಮೇನ್ ಹಾಕಿದರು. ಬೆಳಕಿನಲ್ಲಿ ಎಲ್ಲರೂ ಎಲ್ಲರ ಮುಖ ನೋಡಿದರು. ಮೇಷ್ಟ್ರು ಮೊದಲು ಚೇತರಿಸಿಕೊಂಡು ಮಫ್ಲರಿನ ತುದಿಯನ್ನು ಎರಡು ಬೆರಳಲ್ಲಿ ಎತ್ತಿ ಪರೀಕ್ಷಿಸಿದರು. "ಪಳೆಯುಳಿಕೆ," ಎಂದರು ಗಂಭೀರವಾಗಿ. "ನಾನು ಹೇಳಿದ್ದೇ ಆಯ್ತು. ಯಾವ ಉದ್ದೇಶವೂ ಇಲ್ಲ."

"ನಾನು ಹೇಳಿದ್ದೂ ಆಯ್ತು," ಎಂದರು ಭಾವ, ಮಫ್ಲರಿನ ಇನ್ನೊಂದು ತುದಿ ಬಿಡದೆ. "ತಾನಾಗಿ ಆಗಲಿಲ್ಲ. ಮಾಡಿದವನು ಇಲ್ಲೇ ನಿಂತಿದ್ದಾನೆ."

ಇಬ್ಬರೂ ಮತ್ತೆ ಉಸಿರೆಳೆದುಕೊಳ್ಳುವಷ್ಟರಲ್ಲಿ, ಫ್ಯಾನಿನ ಕೆಳಗಿನಿಂದ ಮೇಷ್ಟ್ರ ಹೆಂಡತಿ ಮಾತಾಡಿದರು. "ಇಬ್ಬರೂ ಸರಿ ಬಿಡಿ. ಮಾಡಿದವರು ಇದ್ದಾರೆ. ಮಾಡುವಾಗ ಬುದ್ಧಿ ಮಾತ್ರ ಇರಲಿಲ್ಲ."

ಮೊದಲು ನಕ್ಕವನು ರೋಗಿ. ನಕ್ಕು ಕೆನ್ನೆ ಹಿಡಿದುಕೊಂಡ. ಆಮೇಲೆ ಡಾಕ್ಟರು, ಆಮೇಲೆ ಅಜ್ಜಿ, ಹುಡುಗ. ಮೇಷ್ಟ್ರ ತುಟಿ ಅದುರಿತು. ಭಾವ ಮುಖ ಬಿಗಿಹಿಡಿದು ನೋಡಿದರು, ಆಗಲಿಲ್ಲ. ಮಫ್ಲರಿನಿಂದಲೇ ಕಣ್ಣೊರೆಸಿಕೊಂಡು, ಗಾರೆ ಕಣ್ಣಿಗೆ ಹೋಗಿ, ಇನ್ನಷ್ಟು ನಕ್ಕರು. ಆಡಿದಂತೆ ಭಾವ ಮೇಷ್ಟ್ರ ಮುಂದೆ ಕೈ ಮುಗಿದರು, ತಂತಿ ಇರಲಿಲ್ಲವಲ್ಲ. ತಂತಿಯ ತುಂಡೂ ಇರಲಿಲ್ಲವಾದ್ದರಿಂದ ಮೇಷ್ಟ್ರೂ ಕೈ ಮುಗಿದರು. ಇಬ್ಬರೂ ಸೇರಿ, ಇನ್ನು ಮುಂದೆ ರಾಯರ ಕೈಗೆ ಸ್ಕ್ರೂಡ್ರೈವರ್ ಸಿಗಬಾರದೆಂಬ ಒಂದು ವಿಷಯದಲ್ಲಿ ಪೂರ್ತಿ ಒಪ್ಪಿದರು. ಉಪಸಮಿತಿ ಕೈತಪ್ಪಿದ ಕಾರ್ಯದರ್ಶಿಗಳು ಮಾತ್ರ ನಗಲಿಲ್ಲ.

ನಗದೆ ನಿಂತವರು ಇನ್ನೊಬ್ಬರಿದ್ದರು. ರಾಯರ ಹೆಂಡತಿ. ಗೋಡೆಯ ತೂತನ್ನೊಮ್ಮೆ ಗಂಡನನ್ನೊಮ್ಮೆ ನೋಡುತ್ತಿದ್ದರು. "ಅದರ ಸುತ್ತ ಒರೆಸಿದೀನಿ," ಎಂದರು ನಿಧಾನವಾಗಿ. "ಬಣ್ಣದವರ ಮುಂದೆ ಹಗಲೆಲ್ಲ ನಿಂತು ಕಾದಿದೀನಿ. ಅಣ್ಣನ ಕೈಲಿ ಮಫ್ಲರಿಗೆ ಮಾತು ಕೇಳಿದೀನಿ."

ನಗು ಮೆಲ್ಲಗೆ ಆರಿತು. ರಾಯರು ಮಗಳ ಕಿವಿಯಲ್ಲಿ, "ನಿನಗೆ ನೆನಪಿತ್ತ? ಯಾಕೆ ಹೇಳಲಿಲ್ಲ?" ಎಂದರು.

"ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆನಲ್ಲಪ್ಪ," ಎಂದಳು ಅವಳು. ಕಣ್ಣು ತುಂಬಿತ್ತು. "ಇದು ಯಾವುದರ ಸ್ವಿಚ್ಚು ಅಂತ ಆವತ್ತು ನಾನೂ ಕೇಳಿದ್ದೆ. ನೀನು ಏನು ಹೇಳಿದ್ದೆ, ನೆನಪು ಮಾಡ್ಕೋ."

ರಾಯರು ನೆನಪು ಮಾಡಿಕೊಂಡರು. ಕೈಯಲ್ಲಿದ್ದ ಪ್ಲೇಟನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಆಮೇಲೆ ಎರಡು ಹೆಜ್ಜೆ ಮುಂದೆ ಹೋಗಿ, ಅಷ್ಟು ಜನರ ಎದುರಿಗೆ, ಪ್ಲೇಟನ್ನು ಹೆಂಡತಿಯ ಮುಖದ ಮುಂದೆ ಹಿಡಿದು ಟಕ್ ಎಂದು ಆರಿಸಿದರು.

"ಅಮ್ಮನ ಕೋಪ ಆರಿಸೋ ಸ್ವಿಚ್ಚು," ಎಂದಳು ಮಗಳು.

ರಾಯರ ಹೆಂಡತಿ ಹುಬ್ಬು ಗಂಟಿಕ್ಕಿದರು. ತುಟಿ ಬಿಗಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು. ಆದರೆ ಭುಜ ಕುಲುಕುತ್ತಿದ್ದದ್ದು ಎಲ್ಲರಿಗೂ ಕಂಡಿತು.

"ಕಾಕತಾಳೀಯ," ಎಂದು ಮೇಷ್ಟ್ರೂ, "ನೋಡಿದಿರಾ, ಉದ್ದೇಶ ಇತ್ತು" ಎಂದು ಭಾವನೂ ಒಟ್ಟಿಗೇ ಬಾಯಿ ತೆರೆದರು. ಮೇಷ್ಟ್ರ ಹೆಂಡತಿ ಆ ಜಜ್ಜಿದ ಡಬ್ಬಿ ತೆರೆದು, ತೆರೆದ ಬಾಯಿಗಳೆರಡಕ್ಕೂ ಒಂದೊಂದು ಸಿಹಿ ತುರುಕಿದರು.